ಸ್ವೀಟಿ ಅಪ್ಪನ ಫೈಲು

ಅವರ ಸ್ವಂತ ಹೆಸರು ನಮ್ಮ ಬಡಾವಣೆಯಲ್ಲಿ ಕರೆಂಟ್ ಬಿಲ್ ಕೊಡುವವನಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವರು ಸ್ವೀಟಿ ಅಪ್ಪ. ಬ್ಯಾಂಕ್ ಮ್ಯಾನೇಜರಾಗಿ, ಕೇಳಿದವರಿಗೆಲ್ಲ ಸಾಲ ಇಲ್ಲವೆಂದು ಹೇಳಿ ಹೇಳಿ ಸಂಪಾದಿಸಿದ ಗಾಂಭೀರ್ಯವನ್ನೆಲ್ಲ ನಿವೃತ್ತಿಯ ಮೇಲೆ ಒಂದು ಲ್ಯಾಬ್ರಡಾರಿನ ಬೆಲ್ಟಿಗೆ ಕಟ್ಟಿ, ದಿನಾ ಬೆಳಿಗ್ಗೆ ಪಾರ್ಕಿನ ಸುತ್ತ ಅದರಿಂದ ಎಳೆಸಿಕೊಳ್ಳುತ್ತಾರೆ. ಒಂದು ಕೈಯಲ್ಲಿ ಬೆಲ್ಟು, ಇನ್ನೊಂದು ಕಂಕುಳಲ್ಲಿ ಫೈಲು. ಸ್ವೀಟಿ ಹೇಗಿದಾಳೆ ಅಂತ ಬಾಯಿತಪ್ಪಿ ಕೇಳಿದಿರೋ, ಅಲ್ಲೇ ಕಲ್ಲುಬೆಂಚಿನ ಮೇಲೆ ಫೈಲು ಬಿಚ್ಚಿಕೊಳ್ಳುತ್ತದೆ. ನಿಮ್ಮ ಹಾಲು ಮನೆಗೆ ಹೋಗುವಷ್ಟರಲ್ಲಿ ಒಡೆದಿರುತ್ತದೆ.

ಪ್ರಕರಣ ಇಷ್ಟು. ಸ್ವೀಟಿ ಬೆದೆಗೆ ಬಂದುಹೋಗಿ ಒಂದೂವರೆ ತಿಂಗಳಾಗಿತ್ತು. ಇದ್ದಕ್ಕಿದ್ದಂತೆ ಊಟ ಬಿಟ್ಟಳು. ಸ್ವೀಟಿ ಅಪ್ಪನ, ಅಂದರೆ ನಮ್ಮ ರಾಯರ, ಹಳೇ ಪಂಚೆ ಎಳಕೊಂಡು ಹೋಗಿ ಮಂಚದಡಿ ಹಾಸಿಕೊಂಡಳು. ಮೊಲೆ ದಪ್ಪವಾಗಿ ಹಾಲೂ ಜಿನುಗಿತು. ಪಕ್ಕದ ರಸ್ತೆಯ ಡಾಕ್ಟರು ಹೊಟ್ಟೆ ಅಮುಕಿ ನೋಡಿ, “ಕಂಗ್ರಾಜುಲೇಷನ್ಸ್ ಸಾರ್, ನಾಲ್ಕಕ್ಕೆ ಕಮ್ಮಿ ಇಲ್ಲ” ಅಂದುಬಿಟ್ಟರು.

ಮೊದಲು ಎದ್ದದ್ದು ಅಪ್ಪ ಯಾರು ಎಂಬ ಪ್ರಶ್ನೆ. ಗ್ಯಾಸ್ ಸಿಲಿಂಡರ್ ಬಂದ ದಿನ ಗೇಟು ತೆರೆದಿತ್ತು, ಎದುರಿಗೆ ಬೀದಿನಾಯಿ ಕರಿಯ ಮಲಗಿತ್ತು. ಸಾಕ್ಷಿ ಅಷ್ಟೇ. ಮೂರು ದಿನ ಕಂಡಲ್ಲೆಲ್ಲ ಕರಿಯನನ್ನು ಕೋಲು ಹಿಡಿದು ಅಟ್ಟಿದರು. ನಾಲ್ಕನೇ ದಿನ, ಆದದ್ದು ಆಯಿತು, ಹೇಗಿದ್ದರೂ ಮನೆ ಅಳಿಯ ಅಂತ ಮನಸ್ಸು ಕರಗಿ ಬಿಸ್ಕತ್ತು ಹಾಕತೊಡಗಿದರು. ಅತ್ತ ವಾಕಿಂಗ್ ಗೆಳೆಯರು, ಮಗಳ ಆಫೀಸಿನವರು, ಮೆಡಿಕಲ್ ಶಾಪಿನ ಹುಡುಗ ಎಲ್ಲ ಸೇರಿ ಏಳು ಮರಿ ಬುಕ್ಕಾದವು. ಡಾಕ್ಟರು ಹೇಳಿದ್ದು ನಾಲ್ಕು. ಇಡೀ ವೃತ್ತಿಜೀವನದಲ್ಲಿ ಅಡಮಾನವಿಲ್ಲದೆ ಅವರು ಮಂಜೂರು ಮಾಡಿದ್ದು ಇದೊಂದೇ. ಮನೆಯಾಕೆ ಸ್ವೀಟಿಗೆ ಕುಂಕುಮವಿಟ್ಟು ಆರತಿ ಎತ್ತಿ, ಬೀದಿಗೆಲ್ಲ ಚಿತ್ರಾನ್ನ ಹಂಚಿದರು. ಚಿತ್ರಾನ್ನ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ನಾಯಿಗೆ ದಿನ ತುಂಬುವುದು ಸುಮಾರು 63ಕ್ಕೆ. 65 ಆಯಿತು, 70 ಆಯಿತು. ಸ್ವೀಟಿ ಹೆತ್ತದ್ದೇನೂ ಇಲ್ಲ, ಬದಲಿಗೆ ಒಂದು ಹವಾಯಿ ಚಪ್ಪಲಿಯನ್ನೂ ಟೀವಿ ರಿಮೋಟನ್ನೂ ಮಂಚದಡಿ ಸಾಲಾಗಿ ಮಲಗಿಸಿಕೊಂಡು ಹತ್ತಿರ ಹೋದವರಿಗೆ ಹಲ್ಲು ತೋರಿಸುತ್ತಿದ್ದಳು. ಗಾಬರಿಬಿದ್ದು ಕಾರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ದು ಸ್ಕ್ಯಾನ್ ಮಾಡಿಸಿದರೆ, ಒಳಗೆ ಮರಿಯೂ ಇಲ್ಲ, ಮಣ್ಣೂ ಇಲ್ಲ. ಹದಿನೈದು ದಿನ ಹೊಟ್ಟೆ ಬಿರಿಯ ಕುಡಿಸಿದ ರಾಗಿ ಅಂಬಲಿ ಮಾತ್ರ ಕೆಲಸ ಮಾಡಿತ್ತು. ಅದು ಸುಳ್ಳು ಬಸಿರು. ಹೆಣ್ಣುನಾಯಿಗೆ ಗಂಡಿನ ಸಂಗವಾಗಲಿ ಬಿಡಲಿ, ಬೆದೆ ಮುಗಿದ ಮೇಲೆ ಬಸಿರಿನ ಹಾರ್ಮೋನು ಎರಡು ತಿಂಗಳು ಏರಿಕೊಂಡೇ ಇರುತ್ತದೆ. ಅದು ಇಳಿಯುವಾಗ ಹಾಲಿನ ಹಾರ್ಮೋನು ಏರುತ್ತದೆ, ದೇಹ ತಾನೇ ಬಾಣಂತಿ ಅಂದುಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗೇ ಇಳಿಯುವ ಭ್ರಮೆ. ಮೊಲೆ ಮುಟ್ಟದೆ, ಹೆಚ್ಚಿಗೆ ತಿನ್ನಿಸದೆ ಸುಮ್ಮನಿದ್ದರೆ ಸಾಕು. ಇವರು ಬಿಸಿಬಟ್ಟೆ ಶಾಖ ಕೊಟ್ಟಿದ್ದರು, ಅದರಿಂದ ಹಾಲು ಇನ್ನೂ ಉಕ್ಕಿತ್ತು. ಬಾಟಲಿಗಟ್ಟಲೆ ಕ್ಯಾಲ್ಸಿಯಂ ಟಾನಿಕ್ಕು ಬೇರೆ. ನಿಜವಾಗಿ ಬಸುರಾಗಿದ್ದರೂ ಅದನ್ನು ಹಾಗೆ ಕುಡಿಸಬಾರದಂತೆ.

ಡಾಕ್ಟರದು ತಪ್ಪು, ಒಪ್ಪಿದೆ. ಕೈಯಲ್ಲಿ ಅಮುಕಿ ಮರಿ ಗುರುತಿಸಲು ಹದವಾದ ಕಾಲ ನಾಲ್ಕನೇ ವಾರದ ಆಸುಪಾಸು. ಅದು ದಾಟಿದ ಮೇಲೆ ಲ್ಯಾಬ್ರಡಾರಿನ ಹೊಟ್ಟೆಯಲ್ಲಿ ಕೈಗೆ ಸಿಗುವುದು ಬರೀ ಲ್ಯಾಬ್ರಡಾರು. ಸ್ಕ್ಯಾನ್ ಬರೆಯಬಹುದಿತ್ತು. 45 ದಿನ ದಾಟಿದ್ದರೆ ಎಕ್ಸ್‌ರೇಯಲ್ಲೂ ಮರಿಗಳ ಮೂಳೆ ಕಾಣುತ್ತಿತ್ತು. ಆದರೆ ಪಾಪ, ಐದೂವರೆ ವರ್ಷದಲ್ಲಿ ಹಸುವಿನಿಂದ ಹಿಡಿದು ಕೋಳಿಯವರೆಗೆ ಓದಿ ಬಂದ ಜೀವ ಅದು. ರೋಗಿಗೆ ಬಾಯಿಲ್ಲ. ಬಾಯಿರುವವರು ಜೇಬಲ್ಲಿ ಬಿಸ್ಕತ್ ಪ್ಯಾಕೆಟ್ ಇಟ್ಟುಕೊಂಡೇ, “ಮೊಸರನ್ನ ಬಿಟ್ಟು ಏನೂ ಮೂಸೋದಿಲ್ಲ ಸಾರ್” ಅನ್ನುತ್ತಾರೆ.

ಇಷ್ಟಕ್ಕೇ ಆಗಿದ್ದರೆ ಫೈಲು ಹುಟ್ಟುತ್ತಿರಲಿಲ್ಲ. ರಾಯರು ಜಗಳಕ್ಕೆ ಸಜ್ಜಾಗಿ ಕ್ಲಿನಿಕ್ಕಿಗೆ ನುಗ್ಗಿದರೆ, ಆ ಡಾಕ್ಟರು ಎದ್ದುನಿಂತು, “ನಂದೇ ತಪ್ಪು ಸಾರ್, ಸ್ಕ್ಯಾನ್ ಮಾಡಿಸ್ಬೇಕಿತ್ತು” ಅಂದು ಫೀಸು ವಾಪಸ್ ಕಳಿಸಿಬಿಟ್ಟರು. ರಾಯರಿಗೆ ಅದೇ ದೊಡ್ಡ ಏಟು. ರಾತ್ರಿಯೆಲ್ಲ ಕೂತು ಜೋಡಿಸಿಕೊಂಡು ಹೋಗಿದ್ದ ಇಂಗ್ಲಿಷ್ ವಾಕ್ಯಗಳು ಗಂಟಲಲ್ಲೇ ಉಳಿದವು. ಸಂಜೆಗೆ ಫೀಸಿನ ದುಡ್ಡನ್ನು ಫೋನಿನಲ್ಲೇ ತಿರುಗಿ ಕಳಿಸಿ, ಅದರ ಸ್ಕ್ರೀನ್‌ಶಾಟನ್ನೂ ಪ್ರಿಂಟ್ ಹಾಕಿಸಿ ಫೈಲಿಗೆ ಸೇರಿಸಿದರು. ಅಷ್ಟು ಚಿತ್ರಾನ್ನ ಹಂಚಿ, ಏಳು ಜನರ ಮುಂದೆ ತಲೆ ತಗ್ಗಿಸಿದ ಮನುಷ್ಯನಿಗೆ ಒಂದು ಕ್ಷಮಾಪಣೆ ಯಾವ ಮೂಲೆಗೆ!

ಈಗ ಬಡಾವಣೆಯ ನಾಯಿಗಳಿಗೆಲ್ಲ ಅವರೇ ಎರಡನೇ ಅಭಿಪ್ರಾಯ. ಯಾರದೋ ಪಮೇರಿಯನ್ ಮಂಕಾಗಿದ್ದರೆ ಕಣ್ರೆಪ್ಪೆ ಎಳೆದು ನೋಡಿ, “ಪ್ಲೇಟ್‌ಲೆಟ್ ಎಷ್ಟಿದೆ? ಸ್ಮಿಯರ್ ಮಾಡಿಸಿದ್ರಾ? ಉಣ್ಣೆ ಜ್ವರ ಇರಬಹುದು” ಎಂದು ಮನೆಯವರ ಜ್ವರ ಏರಿಸುತ್ತಾರೆ. ಬೆಂಗಳೂರಿನಲ್ಲಿ ಉಣ್ಣೆ ಜ್ವರವೇನೂ ಅಪರೂಪವಲ್ಲ, ಆದ್ದರಿಂದ ಹತ್ತರಲ್ಲಿ ಒಂದೆರಡು ಸಲ ಅವರ ಮಾತು ಹತ್ತಿಬಿಡುತ್ತದೆ. ಉಳಿದವು ಯುಗಾದಿ ಒಬ್ಬಟ್ಟಿನ ಅಜೀರ್ಣ ಎಂದು ತಿಳಿದಾಗ, “ನಾನು ಇರಬಹುದು ಅಂದಿದ್ದೆ” ಅನ್ನುತ್ತಾರೆ. ಬಾಯಿಮಾತಿನಲ್ಲೂ ರಕ್ಷಣಾ ವಾಕ್ಯ ಸೇರಿಸುವುದನ್ನು ಬ್ಯಾಂಕು ಕಲಿಸಿದೆ.

ಕರಿಯನ ಮೇಲಿನ ಆರೋಪ ಬಿದ್ದುಹೋದರೂ ಜೀವನಾಂಶ ನಿಂತಿಲ್ಲ. ಸಂಜೆಯಾದರೆ ಗೇಟಿನ ಮುಂದೆ ಹಕ್ಕಿನಿಂದ ಕೂರುತ್ತದೆ.

ಮೊನ್ನೆ ಸ್ವೀಟಿ ಕಿವಿ ಕೆರೆದುಕೊಳ್ಳುತ್ತಿದ್ದಳು. ರಾಯರು ಕರೆದುಕೊಂಡು ಹೋದದ್ದು ಅದೇ ಡಾಕ್ಟರ ಬಳಿಗೆ. ಅವರೋ ಫೈಲು ಒಳಗೆ ಬರುವುದನ್ನು ಕಂಡೇ ಬೆವತು, ರಕ್ತಪರೀಕ್ಷೆ, ಎಕ್ಸ್‌ರೇ, ಹೊಟ್ಟೆ ಸ್ಕ್ಯಾನು ಎಲ್ಲ ಬರೆದುಕೊಟ್ಟರಂತೆ. “ಕಿವಿ ತುರಿಕೆಗೆ ಹೊಟ್ಟೆ ಸ್ಕ್ಯಾನ್! ಕಮಿಷನ್ ಆಸೆ ನೋಡಿ ಹೆಂಗಿದೆ” ಎಂದು ರಾಯರು ಚೀಟಿಗೆ ಪಂಚಿಂಗ್ ಮಾಡುತ್ತಾ ಹೇಳಿದರು.

ಹಾಗಿದ್ದ ಮೇಲೆ ಬೇರೆ ಡಾಕ್ಟರನ್ನು ನೋಡಬಾರದೇ ಅಂದೆ.

“ಛೆ, ಅಲ್ಲಿ ಮೊದಲಿಂದ ಎಲ್ಲಾ ಹೇಳ್ಬೇಕು. ಇವರಿಗಾದ್ರೆ ಕೇಸು ಗೊತ್ತಲ್ಲ.”