ಎರಿ ಸೀಮೆಯ ಗೇರ್ ಸೈಕಲ್

ನವಲಗುಂದದಿಂದ ಅಣ್ಣಿಗೇರಿ ಕಡೆ ಸೈಕಲ್ ತುಳಿಯುವವರಿಗೆ ಗೇರ್ ಬದಲಿಸುವ ಪ್ರಸಂಗ ಬರುವುದೇ ಅಪರೂಪ. ಕಣ್ಣು ಹರಿದಷ್ಟು ದೂರ ಎರಿ ಹೊಲ. ಕಡಲಿ, ಹತ್ತಿ, ಗೋದಿ. ಏರು ಅಂದರೆ ಹಳ್ಳದ ಸೇತುವೆಯಷ್ಟೇ. ಆದರೂ ಈ ಸೀಮೆಯ ಪಡಸಾಲೆಗಳಲ್ಲಿ ಜೋಳದ ಚೀಲಕ್ಕೆ ಒರಗಿಕೊಂಡು 21 ಗೇರಿನ ಹಳೇ ಸೈಕಲ್ ನಿಂತಿರುವುದುಂಟು. ಮಗ ಹಟ ಹಿಡಿದು ಹುಬ್ಬಳ್ಳಿಯಿಂದ ತರಿಸಿದ್ದು. ಮಗ ಬೆಂಗಳೂರು ಸೇರಿದ, ಸೈಕಲ್ ಅಪ್ಪನ ಪಾಲಿಗೆ ಬಂತು. ಅಪ್ಪ ಬಳಸುವುದು ಒಂದೇ ಗೇರು. ಉಳಿದ ಇಪ್ಪತ್ತನ್ನು ತುಕ್ಕು ಬಳಸುತ್ತದೆ.

ಗುಡ್ಡಕ್ಕೆಂದೇ ಹುಟ್ಟಿದ ಈ ಮೌಂಟನ್ ಬೈಕಿನ ಮನೆತನವೇನೂ ಸಣ್ಣದಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಸೈಕಲ್ ಹತ್ತಿ, ಪಂದ್ಯ ಕಟ್ಟಿ ಗುಡ್ಡ ಇಳಿಯತೊಡಗಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ನವಲಗುಂದದಲ್ಲಿ ಆ ಭಯವಿಲ್ಲ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಎರಿ ಮಣ್ಣು ಟೈರಿಗೆ ಮೆತ್ತಿ, ಬ್ರೇಕಿನ ಸಂದಿಯಲ್ಲಿ ಗಿಡಿದು, ಲಿವರ್ ಮುಟ್ಟುವ ಮೊದಲೇ ಗಾಲಿ ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಸೈಕಲ್ಲೇ ಸವಾರನ ಹೆಗಲೇರುತ್ತದೆ.

ಬ್ರೇಕಿನ ಬೆಲೆ ಗೊತ್ತಾಗುವುದು ಕಲಘಟಗಿ ಕಡೆ. ಕುಂದಗೋಳದ ಮಾಸ್ತರರೊಬ್ಬರು ವರ್ಗವಾಗಿ ಆ ತಾಲೂಕಿಗೆ ಹೋಗುವಾಗ ಮಗನ ಸೈಕಲ್ಲನ್ನು ಟ್ರ್ಯಾಕ್ಟರಿನಲ್ಲಿ ಸಾಮಾನಿನ ನಡುವೆ ಮಲಗಿಸಿ ಒಯ್ದರು. ಮೊದಲ ಇಳಿಜಾರಿನಲ್ಲೇ ಬ್ರೇಕು ಊರಿಗೆಲ್ಲ ಕೇಳುವಂತೆ ಚೀರಿತು. ಸೈಕಲ್ ಮಾತ್ರ ನಿಲ್ಲಲಿಲ್ಲ.

“ಮಾಸ್ತರ, ಇದು ಬ್ರೇಕಲ್ರೀ, ಹಾರನ್ನು,” ಎಂದ ಸೈಕಲ್ ಶಾಪಿನ ಮಿಸ್ತ್ರಿ.

ಬ್ರೇಕಿನ ರಬ್ಬರ್ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಅರ್ಧ ರಿಮ್ಮು ಬಿಟ್ಟು ಟೈರನ್ನೇ ತಿನ್ನತೊಡಗಿತ್ತು. ಮಿಸ್ತ್ರಿ ರಿಮ್ಮು ಒರೆಸಿ, ಹೊಸ ರಬ್ಬರ್ ಹಾಕಿ, ಅದರ ಮುಂದಿನ ತುದಿ ಒಂದಿಷ್ಟು ಮೊದಲು ತಾಗುವಂತೆ ಬಿಗಿದ. ಚೀರಾಟ ನಿಲ್ಲುವುದು ಆ ಸಣ್ಣ ಓರೆಯಿಂದಲೇ. ಎರಡೂ ಬದಿ ಒಂದೆರಡು ಮಿಲಿಮೀಟರ್ ಸಂದು. ಎಡಗಡೆಯ ತೋಳು ರಿಮ್ಮಿಗೇ ಒರಗಿ ನಿದ್ದೆ ಹೊಡೆಯುತ್ತಿತ್ತು. ಅದರ ಬುಡದ ಸಣ್ಣ ಸ್ಕ್ರೂ ಬಿಗಿದು ಸ್ಪ್ರಿಂಗನ್ನು ಎಬ್ಬಿಸಿದ.

ಗೇರಿನ ಮುಂದೆ ಅವನ ಕೈ ತಡೆಯಿತು. ಸರಕಾರ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಲ್ಲಿ ಪಳಗಿದ ಕೈ ಅದು. ಅವಕ್ಕೆ ಗೇರೇ ಇಲ್ಲ. ಲಿವರ್ ಟಕ್ ಎಂದರೆ ಚೈನು ಸರಿಯಾಗಿ ಒಂದೇ ಹಲ್ಲುಚಕ್ರ ದಾಟುವ ಏರ್ಪಾಟನ್ನು 1984ರಲ್ಲಿ ಜಪಾನಿನ ಶಿಮಾನೊ ರೇಸಿಂಗ್ ಸೈಕಲ್ಲಿಗೆ ತಂದಿತು. ಅಂದಿನಿಂದ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ರಂಪ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರಿನ ಮೇಲೆ ಎಚ್, ಎಲ್ ಎಂಬ ಎರಡು ಸ್ಕ್ರೂ ಕಂಡರೆ ಸಾಕು, ಮನೆಯಲ್ಲಿ ರಿಪೇರಿಗೆ ಕೂತವರ ಕೈ ತುರಿಸುತ್ತದೆ. ಪಾಪ, ಅವು ಬರೀ ಬೇಲಿ: ಚೈನು ಒಂದು ಕಡೆ ಫ್ರೇಮಿಗೆ, ಇನ್ನೊಂದು ಕಡೆ ಸ್ಪೋಕಿಗೆ ಬೀಳದಂತೆ ಕಾಯುತ್ತವೆ. ಚೈನು ದೊಡ್ಡ ಚಕ್ರ ಹತ್ತಲು ಒಲ್ಲೆ ಎಂದರೆ ಕೇಬಲ್ಲಿನ ಕೊನೆಯ ಗುಂಡು ತಿರುಪನ್ನು ಕಾಲು ಸುತ್ತು ಬಿಚ್ಚಬೇಕು. ಬಿಚ್ಚಿದಷ್ಟೂ ಕೇಬಲ್ ಬಿಗಿಯುತ್ತದೆ ಎಂಬುದನ್ನು ಗಣಿತದ ಮಾಸ್ತರರೂ ಒಂದೇ ಸಲಕ್ಕೆ ಒಪ್ಪಲಿಲ್ಲ.

ತಿರುವಿದರು, ಬಿಚ್ಚಿದರು, ಮತ್ತೆ ತಿರುವಿದರು. ಕೊನೆಗೆ ಮಿಸ್ತ್ರಿ ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ಡಿರೇಲರ್ ತೂಗುಹಾಕಿದ ಪಟ್ಟಿಯೇ ಒಳಕ್ಕೆ ಬಾಗಿತ್ತು; ಟ್ರ್ಯಾಕ್ಟರಿನಲ್ಲಿ ಗೇರಿನ ಮಗ್ಗುಲಿಗೆ ಮಲಗಿಸಿದ ಫಲ. ಬಾಗಿದ್ದಕ್ಕೆ ಯಾವ ತಿರುಪೂ ಮದ್ದಲ್ಲ. ಪಾನಾ ಹಚ್ಚಿ ಮೆಲ್ಲಗೆ ಎಳೆದು ನೆಟ್ಟಗೆ ಮಾಡಿದ. ಹಿಂದಿನ ಏಳರಲ್ಲಿ ಐದು ಗೇರು ಬಂದವು.

“ಉಳದ ಎರಡು ಎಲ್ಲಿ ಹೋದುವಪ್ಪಾ?”

“ಮಗಗ ಫೋನ್ ಹಚ್ಚಿ ಕೇಳ್ರಿ ಮಾಸ್ತರ, ಬೆಂಗಳೂರಿಗೆ ತಗೊಂಡ ಹೋಗ್ಯಾನೇನ!”