ಮೀಸೆ ನರೆತ ಮೇಲೆ ಎಂ.ಟೆಕ್

ನಲವತ್ತೈದು ದಾಟಿದ ಸಿವಿಲ್ ಎಂಜಿನಿಯರ್ ಏನೇನು ಮಾಡಬಹುದು ಎಂಬುದಕ್ಕೆ ನಮ್ಮ ಕಡೆ ಯಾರೂ ಬರೆದಿಡದ ಒಂದು ಪಟ್ಟಿಯಿದೆ. ಸೈಟು ಕೊಳ್ಳಬಹುದು, ಮನೆ ಕಟ್ಟಬಹುದು, ಕಟ್ಟಿದ ಮೇಲೆ ವಾಸ್ತು ಸರಿಯಿಲ್ಲವೆಂದು ಬಾಗಿಲು ಕೀಳಿಸಬಹುದು. ಬೆಳಗಿನ ವಾಕಿಂಗಿನಲ್ಲಿ ಶುಗರ್ ಎಷ್ಟಿದೆ ಎಂದು ಪರಸ್ಪರ ವಿಚಾರಿಸಿಕೊಳ್ಳಬಹುದು. ಎಂ.ಟೆಕ್ ಸೇರುವುದು ಮಾತ್ರ ಪಟ್ಟಿಯಲ್ಲಿಲ್ಲ.

ಹಾಗಾಗಿ ನಾನು ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಲು ಹೊರಟಾಗ ಎಲ್ಲರೂ ಕಾರಣ ಹುಡುಕತೊಡಗಿದರು. ಪಕ್ಕದ ಮನೆಯವರು "ಪ್ರಮೋಷನ್‌ಗಾ?" ಎಂದರು. ನನ್ನದು ಸ್ವಂತ ಕಚೇರಿ. ಪ್ರಮೋಷನ್ ಕೊಡಬೇಕಾದವನೂ ನಾನೇ. ಊರಿನಿಂದ ಅಮ್ಮ ಫೋನಿನಲ್ಲಿ ದನಿ ತಗ್ಗಿಸಿ, "ಆಗ ಯಾವ್ದಾದ್ರೂ ಸಬ್ಜೆಕ್ಟು ಉಳ್ಕೊಂಡಿತ್ತೇನೋ? ನಮಗೆ ಹೇಳ್ಲೇ ಇಲ್ವಲ್ಲೋ" ಎಂದು ನೊಂದುಕೊಂಡಳು. ನಮ್ಮ ಮೇಸ್ತ್ರಿ ಇನ್ನೂ ನೇರ: "ಅಂದ್ರೆ ಸಾರ್, ಇಷ್ಟು ವರ್ಷ ಕಟ್ಟಿದ್ದೆಲ್ಲ ಓದ್ದೇ ಕಟ್ಟಿದ್ದಾ?" ಕೇಳಿದ್ದು ತಪ್ಪಲ್ಲ. ಮನೆ ಮಾಲೀಕರ ಎದುರಿಗೆ ಕೇಳಬಾರದಿತ್ತು.

ಮೊದಲು ಗೇಟ್ ಪರೀಕ್ಷೆ. 3 ಗಂಟೆ, 65 ಪ್ರಶ್ನೆ, 100 ಅಂಕ. ನಮ್ಮ ಕಾಲದಲ್ಲಿ ಪುಟ ತುಂಬಿಸಿದರೆ ಮೌಲ್ಯಮಾಪಕರ ಕರುಳು ಒಂದಿಷ್ಟಾದರೂ ಕರಗುತ್ತಿತ್ತು. ಇಲ್ಲಿ ಬಹು ಆಯ್ಕೆಯ ಪ್ರಶ್ನೆಗೆ ತಪ್ಪುತ್ತರ ಒತ್ತಿದರೆ ಅದರ ಅಂಕದ ಮೂರರಲ್ಲೊಂದು ಪಾಲನ್ನು ಬೇರೆಡೆ ಗಳಿಸಿದ್ದರಿಂದ ಕಿತ್ತುಕೊಳ್ಳುತ್ತಾರೆ. ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪರದೆಯ ಮೇಲೊಂದು ಇರುತ್ತದೆ, ಅದರ ಗುಂಡಿಗಳನ್ನು ಮೌಸಿನಲ್ಲಿ ಒಂದೊಂದಾಗಿ ಒತ್ತಬೇಕು. ನಾನೊಂದು ವರ್ಗಮೂಲ ಒತ್ತುವಷ್ಟರಲ್ಲಿ ಪಕ್ಕದ ಹುಡುಗಿ ಎರಡು ಲೆಕ್ಕ ಮುಗಿಸುತ್ತಿದ್ದಳು.

ಪಾಠ ಹೇಳುವ ಪ್ರೊಫೆಸರು ನನಗಿಂತ ಚಿಕ್ಕವರು. ಅವರು ನನ್ನನ್ನು ಸಾರ್ ಎನ್ನುತ್ತಾರೆ, ನಾನು ಅವರನ್ನು ಸಾರ್ ಎನ್ನುತ್ತೇನೆ. ಹಾಜರಿ ಕೂಗುವಾಗ ಇಬ್ಬರಿಗೂ ಸಂಕೋಚ. ಸಹಪಾಠಿಗಳಿಗೆ ನಾನು ಅಂಕಲ್. ಲೆಕ್ಕ ಗೊತ್ತಾಗದಿದ್ದರೆ ನಾನು ಅವರ ಬೆಂಚಿಗೆ ಹೋಗುತ್ತೇನೆ, ಸ್ಲ್ಯಾಬಿಗೆ ಕಂಬಿ ಕಟ್ಟುವುದು ಹೇಗಿರುತ್ತದೆಂದು ನೋಡಬೇಕಾದರೆ ಅವರು ನನ್ನ ಸ್ಕೂಟರ್ ಹತ್ತುತ್ತಾರೆ.

ಗಣಿತ ಮರೆತಿರುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಮರೆತದ್ದು ತಿರುಗಿ ಬಂತು, ಬಾಗಿಲು ತಟ್ಟಿ ಒಂದಿಷ್ಟು ಕಾಯಬೇಕಾಯಿತು ಅಷ್ಟೆ. ಕಷ್ಟವಾದದ್ದು ಬೇರೆ. ಸೈಟಿನಲ್ಲಿ ಎಲ್ಲರೂ ಕೇಳುವುದು "ಯಾವಾಗ ಮುಗಿಯುತ್ತೆ?" ತರಗತಿಯಲ್ಲಿ ಕೇಳುವುದು "ಯಾಕೆ?" ಈ ಎರಡನೆಯದಕ್ಕೆ ಬಾಯಿ ಬಿಡುವ ಅಭ್ಯಾಸ ನನಗೆ ಪೂರ್ತಿ ತಪ್ಪಿಹೋಗಿತ್ತು.

ಪಿಲ್ಲರಿನ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಸಂಗತಿಯನ್ನೇ ತೆಗೆದುಕೊಳ್ಳಿ. ಭೂಕಂಪ ತಡೆಯುವಂತೆ ಕಂಬಿ ಕಟ್ಟುವುದಕ್ಕೆ 1993ರಲ್ಲೇ ಐಎಸ್ 13920 ಎಂಬ ಕೋಡ್ ಬಂದಿದೆ. ಅದರ ಪ್ರಕಾರ ರಿಂಗಿನ ತುದಿಯನ್ನು 135 ಡಿಗ್ರಿ ಒಳಕ್ಕೆ ಬಗ್ಗಿಸಬೇಕು. ಮೇಸ್ತ್ರಿಗೆ 90 ಡಿಗ್ರಿಯೇ ಪ್ರಾಣ. "ಒಳಗೆ ಬಗ್ಗಿಸಿದ್ರೆ ವೈಬ್ರೇಟರ್ ಇಳಿಯಲ್ಲ ಸಾರ್, ಯಾಕೆ ಈ ರಗಳೆ?" ಎನ್ನುತ್ತಿದ್ದ. "ಕೋಡಲ್ಲಿದೆ" ಎನ್ನುತ್ತಿದ್ದೆ. ನನ್ನ ಎಂಜಿನಿಯರಿಂಗ್ ವಾದವೆಲ್ಲ ಆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ಪ್ರೊಫೆಸರು 2001ರ ಜನವರಿ 26ರ ಭುಜ್ ಭೂಕಂಪದ ಚಿತ್ರಗಳನ್ನು ತೋರಿಸಿದರು. 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ, ಕೆಳಗೆ ಕಾರು ನಿಲ್ಲಿಸಲು ಗೋಡೆಯಿಲ್ಲದೆ ಬಿಟ್ಟಿದ್ದ ಅಪಾರ್ಟ್‌ಮೆಂಟುಗಳು ಕುಸಿದಿದ್ದವು. ಮೇಲಿನ ಅಂತಸ್ತುಗಳಿಗೆ ಗೋಡೆಗಳ ಬಿಗಿ ಇರುತ್ತದೆ. ಕೆಳಗಿನದಕ್ಕೆ ಬರೀ ಪಿಲ್ಲರು. ನೆಲ ಅಲುಗಿದಾಗ ಬಾಗುವ ಕೆಲಸವೆಲ್ಲ ಅವುಗಳ ತಲೆಗೆ. ಆಗ ಕಂಬಿಯ ಹೊರಗಿನ ಕವರ್ ಕಾಂಕ್ರೀಟು ಉದುರುತ್ತದೆ. 90 ಡಿಗ್ರಿಯ ತುದಿ ಹಿಡಿದುಕೊಂಡಿದ್ದು ಆ ಕವರನ್ನೇ. ಅದು ಹೋದರೆ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿ ಹೊರಕ್ಕೆ ಬಾಗುತ್ತದೆ. 135 ಡಿಗ್ರಿಯ ತುದಿ ಪಿಲ್ಲರಿನ ಒಡಲಲ್ಲಿ ನೆಟ್ಟಿರುತ್ತದೆ. ಬೆಂಗಳೂರಲ್ಲಾಗಲಿ ಮೈಸೂರಲ್ಲಾಗಲಿ ಈಗ ಕಟ್ಟುವ ಅಪಾರ್ಟ್‌ಮೆಂಟುಗಳಲ್ಲಿ ಕೆಳಗೆ ಕಾರು ನಿಲ್ಲಿಸದವು ಎಷ್ಟಿವೆ?

ಮರುದಿನ ಮೇಸ್ತ್ರಿಗೆ ಸಿಮೆಂಟ್ ಚೀಲದ ಮೇಲೆ ಚಿತ್ರ ಬರೆದು ಇದನ್ನೇ ಹೇಳಿದೆ. ಬೀಡಿ ಆರಿಸಿ ನೋಡಿದ. "ಇದನ್ನ ಮೊದ್ಲೇ ಹೇಳಿದ್ರೆ ಬಗ್ಗಿಸ್ತಿದ್ನಲ್ಲ ಸಾರ್" ಎಂದ. ವೈಬ್ರೇಟರಿಗೂ ದಾರಿ ಸಿಕ್ಕಿತು, ಸಣ್ಣ ಸೂಜಿಯದನ್ನು ತಂದ.

ಇನ್ನು ಐಗನ್ ವ್ಯಾಲ್ಯೂ. ಬಿ.ಇ.ಯಲ್ಲಿ ಗ್ರೆವಾಲರ ದಪ್ಪ ಗಣಿತ ಪುಸ್ತಕದಿಂದ ಬಾಯಿಪಾಠ ಮಾಡಿ, ಬರೆದು, ಋಣ ತೀರಿತೆಂದುಕೊಂಡಿದ್ದ ವಿಷಯ. ಈಗ ಗೊತ್ತಾಯಿತು: ಕಟ್ಟಡವೊಂದು ಅಡಿಕೆ ಮರದ ಹಾಗೆ ತನ್ನದೇ ಲಯದಲ್ಲಿ ತೂಗುತ್ತದೆ, ಆ ಲಯ ಸಿಗುವುದು ಐಗನ್ ವ್ಯಾಲ್ಯೂ ಬಿಡಿಸಿದಾಗ. ಅಂತಸ್ತಿಗೆ ಸುಮಾರು 0.1 ಸೆಕೆಂಡ್ ಎಂಬುದು ಒರಟು ಲೆಕ್ಕ. ಅಂದಿನಿಂದ ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆ ಅಂತಸ್ತು ಎಣಿಸುವ ಚಟ ಹತ್ತಿದೆ. ಹೆಂಡತಿ ಇದನ್ನು ವಯಸ್ಸಿನ ದೋಷ ಎನ್ನುತ್ತಾಳೆ. ಸೆಕೆಂಡ್ ಪಿಯುಸಿ ಮಗಳು, ಊಟದ ಮೇಜಿನ ಅರ್ಧ ಜಾಗ ಹೋಯಿತೆಂದು ದೂರುತ್ತಾಳೆ. ಇಂಟರ್ನಲ್ಸ್ ಅಂಕ ಕೇಳುವ ಹಕ್ಕು ಈಗ ಅವಳಿಗೂ ಬಂದಿದೆ. ಸ್ವಲ್ಪ ಜಾಸ್ತಿಯೇ ಚಲಾಯಿಸುತ್ತಾಳೆ.

ಇಪ್ಪತ್ತೆರಡರಲ್ಲಿ ಎಂ.ಟೆಕ್ ಮಾಡಿದ್ದರೆ ನನಗೆ ಉತ್ತರಗಳಷ್ಟೇ ಸಿಗುತ್ತಿದ್ದವು, ಪ್ರಶ್ನೆಗಳಿನ್ನೂ ಹುಟ್ಟಿರುತ್ತಿರಲಿಲ್ಲ. ತಡವಾಗಿ ಓದುವುದೇ ಲೇಸು ಎಂಬ ಪಕ್ಷ ನನ್ನದು. ಗೇಟ್ ಬರೆಯಲು ವಯೋಮಿತಿಯಿಲ್ಲ, ಅದರ ಸ್ಕೋರು ಮೂರು ವರ್ಷ ನಡೆಯುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಯೋಚನೆಯಲ್ಲಿರುವವರು ಮೊದಲು ಹೋಗಿ ಕನ್ನಡಕದ ನಂಬರು ನೋಡಿಸಿಕೊಂಡು ಬನ್ನಿ. ಪರದೆಯ ಮೇಲಿನ ಆ ಕ್ಯಾಲ್ಕುಲೇಟರಿನ ಗುಂಡಿಗಳು ಬಹಳ ಸಣ್ಣವು.