ಉಪ್ಪಿನ ಡಬ್ಬಿ ಬದಲಾವಣೆ: ಬಳಕೆದಾರರ ಕೈಪಿಡಿ

ಊಟದ ಮೇಜಿನಿಂದ ಉಪ್ಪಿನ ಡಬ್ಬಿಯನ್ನು ಕಳಚಿ, ಆ ಜಾಗದಲ್ಲಿ ಸೊಪ್ಪುಸದೆ ಅಳವಡಿಸಲು ಹೊರಟ ತಮಗೆ ಅಭಿನಂದನೆ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಮನೆಯ ಹಿರಿಯರ ಕೈಗೆಟುಕದಂತೆ ಇಡಿ.

ಸಾಮರ್ಥ್ಯ: ವಯಸ್ಕರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ, ಸಂಜೆಯ ಚಕ್ಕುಲಿ ಎಲ್ಲವೂ ಇದರೊಳಗೇ ಸುಧಾರಿಸಿಕೊಳ್ಳಬೇಕು.

ಮೊದಲ ಮಾದರಿ, ಗುಜರಾತಿನ ಕಡಲಂಚಿನ ಜವುಗಿನಲ್ಲಿ ಬೆಳೆಯುವ ಸ್ಯಾಲಿಕೋರ್ನಿಯಾ. ಎಲೆಯೇ ಕಾಣದ, ಗಂಟುಗಂಟಾದ ರಸಭರಿತ ಕಡ್ಡಿ. ಹಸಿಯಾಗಿ ಕಚ್ಚಿದರೂ ಉಪ್ಪುಪ್ಪು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಇದರಿಂದ ಸಸ್ಯಜನ್ಯ ಉಪ್ಪನ್ನೇ ತಯಾರಿಸಿದೆ. ಆದರೆ ಹಿಗ್ಗಬೇಡಿ. ಗಿಡ ನೆಲದಿಂದ ಹೀರಿ ಕೂಡಿಟ್ಟದ್ದರಲ್ಲಿ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಹಸಿರು ಬಣ್ಣ ನೋಡಿ ರಕ್ತದೊತ್ತಡ ರಿಯಾಯಿತಿ ಕೊಡುವುದಿಲ್ಲ.

ಎರಡನೆಯದು ಹುಳಿ. ನನ್ನ ಓಟು ಇದಕ್ಕೇ. ಹುಳಿ ಜೊತೆಗಿದ್ದರೆ ಇರುವಷ್ಟು ಉಪ್ಪೇ ನಾಲಿಗೆಗೆ ಹೆಚ್ಚಾಗಿ ತೋರುತ್ತದೆ. ಜೋಡಣೆ ಹೀಗೆ: ಒಂದು ಹಿಡಿ ದೊಡ್ಡಪತ್ರೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ದಪ್ಪ ಎಲೆ ನೀರು ಬಿಟ್ಟು, ಹಸಿರು ಮಾಸಿ, ಮುದುಡಿ ಬಾಣಲೆಯ ತಳ ಹಿಡಿಯುವ ಮುಂಚೆ ಇಳಿಸಿ. ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಹುಳಿಮಜ್ಜಿಗೆಗೆ ಕದಡಿ. ಈಗ ರೂಢಿಯ ಅರ್ಧದಷ್ಟು ಉಪ್ಪು ಹಾಕಿ ಕೈ ಹಿಂದೆ ಕಟ್ಟಿಕೊಳ್ಳಿ. ಸಾರಿಗಾದರೆ ಮುರುಗಲು ಸಿಪ್ಪೆ ನಡೆಯುತ್ತದೆ. ಅಂಗಡಿಯದ್ದನ್ನು ಮಾತ್ರ ಮೊದಲು ನಾಲಿಗೆಗಿಟ್ಟು ನೋಡಿ, ಉಪ್ಪು ಸವರಿ ಒಣಗಿಸುವವರೂ ಇದ್ದಾರೆ.

ದೋಷ ನಿವಾರಣೆ: ‘ಸಪ್ಪೆ, ಸಪ್ಪೆ’ ಎಂಬ ಸದ್ದು ಬಂದರೆ ನಿಂಬೆ ಹಿಂಡಿ. ನಿಲ್ಲದಿದ್ದರೆ ಕೆಲವು ವಾರ ತಡೆದುಕೊಳ್ಳಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಸದ್ದು ಮಾವನವರ ಕಡೆಯಿಂದ ಬರುತ್ತಿದ್ದರೆ ಬಿಡಿಭಾಗ ಲಭ್ಯವಿಲ್ಲ.

ಎಚ್ಚರಿಕೆ, ಇದು ತಮಾಷೆಯಲ್ಲ: ‘ಕಡಿಮೆ ಸೋಡಿಯಂ’ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಾಕುವ ಚಿಟಿಕೆ ಉಪ್ಪೂ ಅಯೋಡಿನ್ ಇರುವುದೇ ಆಗಿರಲಿ. ಗಳಗಂಡ ತಡೆಯುವ ಆ ಕೆಲಸ ದೊಡ್ಡಪತ್ರೆಯಿಂದ ಆಗದು.

ಖಾತರಿ: ಹಪ್ಪಳ, ಬಾಳಕದ ಮೆಣಸಿನ ಜೊತೆ ಬಳಸಿದರೆ ಅರ್ಧ ಅವಧಿ ಮಾತ್ರ. ಅಪ್ಪೆಮಿಡಿ ಭರಣಿಯ ಮುಚ್ಚಳ ತೆರೆದ ಕ್ಷಣದಿಂದ ಪೂರ್ತಿ ರದ್ದು.